‘ಮಾಣಿ’ಯ ಸಂಜೆ: ಗಡಿ ತಾಲೂಕುಗಳ ಹದಿಹರೆಯದ ಕತೆ

ಕುಂದಾಪುರ ಸೀಮೆಯ ಮನೆಗಳಲ್ಲಿ ‘ಮಾಣಿ’ ಎಂದರೆ ಹುಡುಗ. ಅಜ್ಜಿ ಮೊಮ್ಮಗನನ್ನು ಕೂಗುವುದೂ ‘ಮಾಣಿ’ ಎಂದೇ, ನೆರೆಮನೆಯವರು ‘ನಿಮ್ಮ ಮಾಣಿ ಈಗ ಎಲ್ಲಿದ್ದ?’ ಎಂದು ವಿಚಾರಿಸುವುದೂ ಅದೇ ಮಾತಿನಲ್ಲಿ. ಈ ಮಾತು ಘಟ್ಟ ಹತ್ತಿ ಬೆಂಗಳೂರು, ಮೈಸೂರುಗಳನ್ನು ತಲುಪಿದಾಗ ಅದರ ಅರ್ಥವೇ ಬೇರೆಯಾಯಿತು. ಅಲ್ಲಿ ‘ಮಾಣಿ’ ಎಂದರೆ ಹೋಟೆಲಿನಲ್ಲಿ ತಿಂಡಿ ತಂದಿಡುವವನು, ಮೇಜು ಒರೆಸುವವನು. ಕರಾವಳಿಯ ಈ ಭಾಗದಿಂದ ಎಷ್ಟು ಎಳೆಯ ಹುಡುಗರು ಮನೆ ಬಿಟ್ಟು ಹೋಗಿರಬಹುದು ಎಂಬುದಕ್ಕೆ ಭಾಷೆಯೇ ಉಳಿಸಿಕೊಂಡಿರುವ ಸಾಕ್ಷಿ ಇದು.

ಹದಿಹರೆಯದವರ ಮನೋವೇದನೆ, ಅವರಿಗೆ ಅಂಟುವ ಕುಡಿತ, ಹೊಗೆಸೊಪ್ಪು, ಗಾಂಜಾಗಳ ಚಟ ಇಂದು ಎಲ್ಲೆಡೆ ಚರ್ಚೆಯಾಗುತ್ತಿರುವ ವಿಷಯ. ಇದೆಲ್ಲ ಮೊಬೈಲ್ ಫೋನು ಬಂದ ಮೇಲಿನ ಹೊಸ ಕಾಟ ಎಂದು ತಿಳಿಯುವವರೇ ಹೆಚ್ಚು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಟ್ಟಿಗೆ ಈ ಕತೆಗೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಹಿನ್ನೆಲೆಯಿದೆ. ಅದನ್ನು ನೋಡುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸರಕಾರಗಳು ಬಹುಕಾಲ ಕೇಳಿದ್ದು ‘ಹೆಂಡ ಎಲ್ಲಿ ಮಾರಾಟವಾಗುತ್ತದೆ?’ ಎಂಬ ಪ್ರಶ್ನೆಯನ್ನು. ‘ಹುಡುಗ ಸಂಜೆಯ ಹೊತ್ತು ಎಲ್ಲಿರುತ್ತಾನೆ, ಯಾರೊಡನೆ ಮಾತಾಡುತ್ತಾನೆ?’ ಎಂದು ಕೇಳಿದವರು ಕೆಲವರು ಮಾತ್ರ. ನಿಜವಾದ ನೆರವು ಬಂದದ್ದು ಹೆಚ್ಚಾಗಿ ಆ ಕೆಲವರಿಂದ.

ಮೂರು ಆಡಳಿತಗಳ ನಡುವೆ

ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಕೆನರಾ ಪ್ರದೇಶ ಕಂಪೆನಿ ಸರಕಾರದ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಮುಂದೆ ಈ ದೊಡ್ಡ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಎರಡಾಗಿ ಒಡೆದು, 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿ ಪ್ರಾಂತಕ್ಕೆ ಸೇರಿಸಲಾಯಿತು. ಕುಂದಾಪುರ ತಾಲೂಕು ಮಾತ್ರ ಮದ್ರಾಸಿನ ಪಾಲಿಗೇ ಉಳಿಯಿತು. ಹೀಗಾಗಿ ಶಿರೂರು ಮದ್ರಾಸ್ ಪ್ರಾಂತದ ಕೊನೆಯ ಊರುಗಳಲ್ಲಿ ಒಂದಾಯಿತು. ಅದರಾಚೆಯ ಭಟ್ಕಳ ಬೊಂಬಾಯಿಯದಾಯಿತು. ಮೂಡಣ ದಿಕ್ಕಿನ ಘಟ್ಟ ಹತ್ತಿದರೆ ಮೈಸೂರು ಮಹಾರಾಜರ ಸೀಮೆ. ಒಂದೇ ಭಾಷೆ, ಒಂದೇ ನೆಂಟಸ್ತಿಕೆ, ಒಂದೇ ಜಾತ್ರೆಗಳ ಜನ ಮೂರು ಆಡಳಿತಗಳಿಗೆ ಹಂಚಿಹೋದರು.

ಈ ಗಡಿ ಜನರ ಬದುಕನ್ನು ಮುಟ್ಟಿದ ಒಂದು ದಾರಿ ಅಬಕಾರಿ. ಬೊಂಬಾಯಿ 1878ರಲ್ಲಿ, ಮದ್ರಾಸ್ 1886ರಲ್ಲಿ ತಮ್ಮ ತಮ್ಮ ಅಬಕಾರಿ ಕಾಯಿದೆಗಳನ್ನು ತಂದವು. ಅದುವರೆಗೆ ಶೇಂದಿ ಇಳಿಸುವುದು ಊರಿನ ಒಕ್ಕಲುತನದ ಜತೆಗೇ ಸಾಗುತ್ತಿದ್ದ ಕಸುಬು. ತೆಂಗಿನ ಮರದಿಂದ, ತಾಳೆ ಮರದಿಂದ ಮೂರ್ತೆದಾರರು ಇಳಿಸಿದ ಶೇಂದಿ ಕುಡಿಯಲೂ ಆಗುತ್ತಿತ್ತು, ಹಿಟ್ಟು ಹುದುಗಿಸಲೂ ಬರುತ್ತಿತ್ತು. ಹುಳಿಯಾಗುವ ಮೊದಲೇ ಕಾಯಿಸಿದರೆ ಓಲೆಬೆಲ್ಲವಾಗುತ್ತಿತ್ತು. ದೈವದ ಬಡಿಸುವಿಕೆಯಲ್ಲೂ ಅದಕ್ಕೆ ಜಾಗವಿತ್ತು. ಹೊಸ ಕಾಯಿದೆಗಳಿಂದ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು, ಭಟ್ಟಿಗೆ ಪರವಾನಗಿ ಬಂತು. ಕುಡಿತ ಊರಿನ ಪದ್ಧತಿಯಾಗಿದ್ದುದು ಸರಕಾರದ ಆದಾಯದ ಬಾಬ್ತೂ ಆಯಿತು. ಹರಾಜಿನಲ್ಲಿ ಹಣ ಕಟ್ಟಿ ಅಂಗಡಿ ಹಿಡಿದವನಿಗೆ ಗಿರಾಕಿ ಹೆಚ್ಚಾದಷ್ಟೂ ಲಾಭ. ಗಡಂಗು ಎಂಬುದು ಕೂಲಿಯವನ ಸಂಜೆಯ ತಂಗುದಾಣವಾಗಿ ಬೇರೂರಿತು.

ಗಡಿಯ ಎರಡು ಬದಿಗಳಲ್ಲಿ ಬೇರೆ ಬೇರೆ ಸರಕಾರ, ಬೇರೆ ಬೇರೆ ತೆರಿಗೆಯಿದ್ದಲ್ಲಿ ಅಗ್ಗದ ಕಡೆಯಿಂದ ತುಟ್ಟಿಯ ಕಡೆಗೆ ಸರಕು ಹರಿಯುವುದು ಸಹಜ. ಕಾಯುವವನ ಕಣ್ಣು ತಪ್ಪಿಸಲು ಹೊಳೆ, ಅಳಿವೆ, ಕಾಡುದಾರಿಗಳಿಗೆ ಇಲ್ಲಿ ಕೊರತೆಯಿಲ್ಲ. ಉತ್ತರಕ್ಕೆ ಇನ್ನೂ ಸ್ವಲ್ಪ ದೂರ ಹೋದರೆ 1961ರವರೆಗೆ ಪೋರ್ತುಗೀಸರ ಗೋವೆಯೂ ಇತ್ತು.

ಸ್ವಾತಂತ್ರ್ಯ ಚಳವಳಿ ಕುಡಿತವನ್ನು ದೇಶದ ಪ್ರಶ್ನೆಯಾಗಿ ಎತ್ತಿಕೊಂಡಿತು. ರಾಜಾಜಿಯವರ ಮಂತ್ರಿಮಂಡಲ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಆರಂಭಿಸಿತು. ಹೋದ ಅಬಕಾರಿ ಆದಾಯವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯನ್ನು ಹಾಕಬೇಕಾಯಿತು. 1948ರ ಅಕ್ಟೋಬರ್ 2ರಂದು ಇಡೀ ಮದ್ರಾಸ್ ಪ್ರಾಂತದಲ್ಲಿ ಪಾನನಿರೋಧ ಜಾರಿಗೆ ಬಂದಾಗ ಕುಂದಾಪುರ, ಉಡುಪಿ ತಾಲೂಕುಗಳ ಗಡಂಗುಗಳೂ ಮುಚ್ಚಿದವು. ಬೊಂಬಾಯಿಯ ಪಾನನಿರೋಧ ಕಾಯಿದೆ 1949ರದು. 1956ರಲ್ಲಿ ರಾಜ್ಯ ಒಂದಾದಾಗ ಹೊಸ ಮೈಸೂರು ರಾಜ್ಯಕ್ಕೆ ಒಣ ಜಿಲ್ಲೆಗಳೂ ಬಂದವು, ಹೈದರಾಬಾದಿನಿಂದ ಬಂದ ಹಸಿ ಜಿಲ್ಲೆಗಳೂ ಸೇರಿದವು. ಕೊನೆಗೆ 1967ರಲ್ಲಿ ರಾಜ್ಯ ಪಾನನಿರೋಧವನ್ನು ಕೈಬಿಟ್ಟು ಅಬಕಾರಿಗೆ ಮರಳಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಬಾಟಲಿಯ ಮದ್ಯ ಉಳಿಯಿತು. ಇಂದು ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು.

ತೆರೆ, ಮುಚ್ಚು, ಮತ್ತೆ ತೆರೆ ಎಂಬ ಈ ಸರಣಿಯಲ್ಲಿ ಕಾನೂನಿನ ಕಣ್ಣು ಮುಖ್ಯವಾಗಿ ಮರದ ಮೇಲೆ, ಭಟ್ಟಿಯ ಮೇಲೆ, ಅಂಗಡಿಯ ಮೇಲೆ ಇತ್ತು. ಅದು ಅನಗತ್ಯವಾಗಿತ್ತೆಂದು ಹೇಳಲಾಗದು. ಮದ್ಯ ಸುಲಭವಾಗಿ ಸಿಗುವಲ್ಲಿ ಚಟವೂ ಹೆಚ್ಚು ಎಂಬುದು ಲೋಕಾನುಭವ. ಆದರೆ ಕುಡಿಯುವ ತಂದೆಯ ಮನೆಯಲ್ಲಿ ಬೆಳೆಯುವ ಹುಡುಗನ ಸ್ಥಿತಿ ಯಾವ ಅಬಕಾರಿ ದಫ್ತರದಲ್ಲೂ ದಾಖಲಾಗುವಂಥದಲ್ಲ.

ಕಾದಂಬರಿಕಾರ ಕಂಡದ್ದು

ದಫ್ತರಕ್ಕೆ ಕಾಣದ್ದು ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರಿಗೆ ಕಂಡಿತು. 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯನ್ನು ಭೂಮಿಯ ಹಂಬಲದ ಕತೆಯೆಂದು ಓದುವುದು ರೂಢಿ. ಅದು ಮಕ್ಕಳ ಕತೆಯೂ ಹೌದು. ಚೋಮನ ದುಃಖಕ್ಕೆ ದುಡಿಯೂ ಶೇಂದಿಯೂ ಎರಡು ಆಸರೆಗಳು. ಅವನ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವವರು ಅವನ ಮಕ್ಕಳು. ತಂದೆಯ ಸಂಜೆ ಗಡಂಗಿನಲ್ಲಿ ಕಳೆದರೆ ಮಕ್ಕಳ ಹರೆಯ ತೋಟದಲ್ಲಿ ಕಳೆಯುತ್ತದೆ.

‘ಮರಳಿ ಮಣ್ಣಿಗೆ’ ಕಾದಂಬರಿಯ ನೆಲವಂತೂ ಇಂದಿನ ಬ್ರಹ್ಮಾವರ ತಾಲೂಕಿನ ಕಡಲ ಬದಿಯದೇ. ಮೂರು ತಲೆಮಾರುಗಳ ಆ ಕತೆಯಲ್ಲಿ ನಡುವಿನ ತಲೆಮಾರಿನ ಲಚ್ಚನನ್ನು ಇಂಗ್ಲಿಷ್ ಓದಿಗೆಂದು ಪೇಟೆಗೆ ಕಳುಹಿಸುತ್ತಾರೆ. ಮನೆಯ ಹಿರಿಯರು ಹೊಟ್ಟೆ ಬಟ್ಟೆ ಕಟ್ಟಿ ಹಣ ಹೊಂದಿಸುತ್ತಾರೆ; ಹುಡುಗ ದುಶ್ಚಟಗಳ ದಾರಿ ಹಿಡಿದು ಮನೆಯನ್ನೇ ಮುಳುಗಿಸುತ್ತಾನೆ. ಇದನ್ನು ಒಬ್ಬ ದುಷ್ಟ ಮಗನ ಕತೆ ಎಂದು ಓದಿ ಮುಗಿಸಬಹುದು. ಆದರೆ ಹಳ್ಳಿಯಿಂದ ಬಂದ ಹುಡುಗನಿಗೆ ಪೇಟೆಯಲ್ಲಿ ಶಾಲೆ ಬಿಟ್ಟ ಮೇಲೆ ಯಾರಿದ್ದರು ಎಂಬ ಪ್ರಶ್ನೆಯನ್ನೂ ಓದುಗ ಕೇಳಿಕೊಳ್ಳಬೇಕಾಗುತ್ತದೆ. ಅವನ ಓದಿನ ಮೇಲೆ ಇಡೀ ಮನೆಯ ಆಸೆ ನಿಂತಿತ್ತು. ಅವನ ಮಾತು ಕೇಳುವ ಜನ ಹತ್ತಿರ ಇರಲಿಲ್ಲ. ಇಂದಿಗೂ ಪೇಟೆಯ ಬಾಡಿಗೆ ಕೋಣೆಯಲ್ಲಿ, ಹಾಸ್ಟೆಲಿನಲ್ಲಿ ಇರುವ ಎಷ್ಟೋ ಮಕ್ಕಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ.

ರಾತ್ರಿಶಾಲೆಯ ದೀಪ

ಕಾದಂಬರಿಯ ಲಚ್ಚ ಓದಲು ಹೋದ. ಅವನಂಥ ಹಲವರು ದುಡಿಯಲು ಹೋದರು. ಹೋಟೆಲಿನ ದಾರಿ ಈ ಸೀಮೆಗೆ ಅನ್ನವನ್ನೂ ಹೆಸರನ್ನೂ ಕೊಟ್ಟಿತು. ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಯಿತು. ಅಂಥ ಯಶಸ್ಸಿನ ಕತೆಗಳು ಊರಿನಲ್ಲಿ ಹಬ್ಬಿದಂತೆ, ಉಳಿದ ಮನೆಗಳೂ ತಮ್ಮ ಹುಡುಗರನ್ನು ಪರಿಚಯದವರ ಜತೆಗೆ ಬಸ್ಸು ಹತ್ತಿಸಿದವು. ಹತ್ತು, ಹನ್ನೆರಡು ವರ್ಷದ ಮಾಣಿ ಲೋಟ ತೊಳೆಯುವುದರಿಂದ ಆರಂಭಿಸಿ, ಸಪ್ಲಯರ್ ಆಗಿ, ಅಡುಗೆ ಕಲಿತು, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ. ಗಲ್ಲಾಪೆಟ್ಟಿಗೆ ತಲುಪದವರ ಸಂಖ್ಯೆ ದೊಡ್ಡದು. ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದು, ಅದೇ ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನಿಗೆ ಮನೆಯ ನೆನಪಾದರೆ ಹೇಳಿಕೊಳ್ಳಲು ಇದ್ದವರು ಅವನಂಥ ಇನ್ನಿಬ್ಬರು ಹುಡುಗರು, ಒಂದು ಬೀಡಿ.

ಇಂಥ ಹುಡುಗರ ಸಂಜೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಬೊಂಬಾಯಿಯ ಕರಾವಳಿ ಕನ್ನಡಿಗರು, ತುಳುವರು ಮುಖ್ಯರು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಸ್ಥಾಪನೆಯಾದದ್ದು 1902ರಲ್ಲಿ. ಮಂಡಳಿ ನಡೆಸಿದ ಉಚಿತ ರಾತ್ರಿಶಾಲೆ, ಬಿಲ್ಲವರ ಸಂಘಟನೆ ನಡೆಸಿದ ಗುರುನಾರಾಯಣ ರಾತ್ರಿಶಾಲೆ ಮೊದಲಾದವು ಹಗಲೆಲ್ಲ ಕ್ಯಾಂಟೀನು, ಹೋಟೆಲು, ಕಾರ್ಖಾನೆಗಳಲ್ಲಿ ದುಡಿದ ಹುಡುಗರಿಗೆ ಕೆಲಸ ಮುಗಿದ ಮೇಲೆ ಕನ್ನಡದಲ್ಲಿ ಪಾಠ ಹೇಳಿದವು. ಅಲ್ಲಿ ಓದಿ ಮುಂದೆ ಬ್ಯಾಂಕು, ಕಚೇರಿ, ವಕೀಲಿಕೆ, ಪತ್ರಿಕೆಗಳಿಗೆ ಹೋದವರ ಒಂದು ತಲೆಮಾರೇ ಇದೆ.

ಈ ಶಾಲೆಗಳನ್ನು ಅಕ್ಷರ ಪ್ರಚಾರದ ಸಂಸ್ಥೆಗಳೆಂದು ಮಾತ್ರ ನೋಡುವುದು ವಾಡಿಕೆ. ಅವು ಮಾಡಿದ ಇನ್ನೊಂದು ಕೆಲಸವನ್ನೂ ಗಮನಿಸಬೇಕು. ಹುಡುಗನ ಹೆಸರು ದಿನಾ ಹಾಜರಿ ಪುಸ್ತಕದಲ್ಲಿ ಕರೆಯಲ್ಪಡುತ್ತಿತ್ತು. ಎರಡು ದಿನ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬ ಮಾಸ್ತರರಿದ್ದರು. ವಾರ್ಷಿಕೋತ್ಸವದ ನಾಟಕಕ್ಕೆ ಬಣ್ಣ ಹಚ್ಚುವ ಗೆಳೆಯರಿದ್ದರು. ‘ಆಪ್ತ ಸಮಾಲೋಚನೆ’ ಎಂಬ ಮಾತು ಕನ್ನಡದಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲೇ ಅದರ ತಿರುಳು ಅಲ್ಲಿತ್ತು. ಊರಿನಲ್ಲಿ ಉಳಿದವರಿಗೆ ಭಜನಾ ಮಂದಿರ, ಯಕ್ಷಗಾನದ ಸಂಘ, ಕಬಡ್ಡಿ, ವಾಲಿಬಾಲಿನ ಅಂಗಳಗಳು ಸುಮಾರಾಗಿ ಇದೇ ಕೆಲಸ ಮಾಡಿದವು. ಹಾಗೆಂದು ಅವು ಎಲ್ಲರಿಗೂ ತೆರೆದಿದ್ದವೆಂದು ಹೇಳಲಾಗದು. ಜಾತಿ ಕೆಲವರನ್ನು ಹೊರಗಿಟ್ಟಿತು. ಹೆಣ್ಣುಮಕ್ಕಳಿಗಂತೂ ಆ ಸಂಜೆ ಇರಲೇ ಇಲ್ಲ. ಅನೇಕ ಮನೆಗಳಲ್ಲಿ ಹುಡುಗಿಯರ ಸಂಜೆ ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವುದರಲ್ಲಿ ಕಳೆಯಿತು. ಅವರ ದುಃಖ ತಲೆನೋವಾಗಿ, ಎದೆಯುರಿಯಾಗಿ ಕಂಡಿತೇ ಹೊರತು ದುಃಖವೆಂದು ಹೆಸರು ಪಡೆಯಲಿಲ್ಲ.

ಕೋಟದ ಮನೆ ಮನೆಗೆ

ಮನಸ್ಸಿನ ಕಾಯಿಲೆಯನ್ನು ಊರಿನವರ ಬಾಯಿಂದಲೇ ಕೇಳಿ ತಿಳಿಯುವ ದೊಡ್ಡ ಪ್ರಯತ್ನವೊಂದು ನಡೆದದ್ದೂ ಇದೇ ಸೀಮೆಯಲ್ಲಿ ಎಂಬುದು ಇಂದು ಇಲ್ಲಿಯವರಿಗೇ ಮರೆತುಹೋದಂತಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿದ್ದ ಮನೋವೈದ್ಯ ಡಾ. ಆರ್. ಎಲ್. ಕಪೂರ್ ಮತ್ತು ಎಡಿನ್‌ಬರೋದ ಪ್ರಾಧ್ಯಾಪಕ ಜಿ. ಎಂ. ಕಾರ್‌ಸ್ಟೇರ್ಸ್ ಕೋಟವನ್ನು ಆರಿಸಿಕೊಂಡು ಮನೆ ಮನೆಗೆ ಹೋಗಿ ಅಧ್ಯಯನ ನಡೆಸಿದರು. 1976ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರಿನಲ್ಲೇ ಕೋಟವಿದೆ: ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’.

ಅವರ ಕುತೂಹಲ ಬದಲಾವಣೆಯ ಬಗ್ಗೆ ಇತ್ತು. ಕೋಟದಲ್ಲಿ ಬ್ರಾಹ್ಮಣರು ತಂದೆಯ ಕಡೆಯಿಂದ ಆಸ್ತಿ ಪಡೆಯುವವರು. ಬಂಟರು, ಮೊಗವೀರರು ಅಳಿಯಸಂತಾನದವರು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಬಳಿಕ ಹಳೆಯ ಕೂಡುಮನೆಗಳು ಪಾಲಾಗಿ ಒಡೆಯುತ್ತಿದ್ದ ಕಾಲವದು. ಕುಟುಂಬದ ಕಟ್ಟು ಬದಲಾದಾಗ ಮನುಷ್ಯನ ಮನಸ್ಸಿನ ಮೇಲೆ ಏನಾಗುತ್ತದೆ ಎಂಬುದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ಹೊಸದಾಗಿ ರೂಪಿಸಬೇಕಾಯಿತು. ವಿಲಾಯತಿಯ ಪ್ರಶ್ನೆಗಳನ್ನು ಹಾಗೆಯೇ ತಂದು ಕೇಳಿದರೆ ಇಲ್ಲಿಯ ಸಂಕಟ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮೈ ಬಿಸಿ, ತಲೆಭಾರ, ನಿದ್ರೆ ಬಾರದಿರುವುದು, ಮೈಮೇಲೆ ಬರುವುದು ಎಂಬ ಮಾತುಗಳಲ್ಲೇ ಜನ ತಮ್ಮ ಕಷ್ಟ ಹೇಳುತ್ತಿದ್ದರು.

ಊರವರು ಯಾರ ಬಳಿಗೆ ಹೋಗುತ್ತಾರೆ ಎಂಬುದನ್ನೂ ಅವರು ವಿವರವಾಗಿ ನೋಡಿದರು. ನಾಡಿ ಹಿಡಿದು ಉಷ್ಣ, ಶೀತ ಹೇಳುವ ವೈದ್ಯರು, ಮಂತ್ರವಾದಿಗಳು, ದರ್ಶನದಲ್ಲಿ ದೈವದ ಮಾತು ಹೇಳುವ ಪಾತ್ರಿಗಳು ಎಂದು ಮೂರು ಬಗೆಯವರು. ಜತೆಗೆ ಇಂಗ್ಲಿಷ್ ಮದ್ದಿನ ಡಾಕ್ಟರರು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋಗುತ್ತಿರಲಿಲ್ಲ, ಇಬ್ಬರ ಬಳಿಗೂ ಹೋಗುತ್ತಿದ್ದರು. ಪಾತ್ರಿ ಮನೆಯವರೆಲ್ಲರ ಎದುರು ಪ್ರಶ್ನೆ ಕೇಳುತ್ತಾನೆ, ಮುಚ್ಚಿಟ್ಟ ಜಗಳ ಹೊರಬರುತ್ತದೆ, ಮನೆಯವರು ಒಟ್ಟಾಗಿ ಏನೋ ಒಂದು ಮಾಡಲು ಒಪ್ಪುತ್ತಾರೆ. ಆ ಕ್ರಮದ ನಂಬಿಕೆಯನ್ನು ಒಪ್ಪದವರೂ ಅಲ್ಲಿ ನಡೆಯುವ ಕೇಳುವಿಕೆಯನ್ನು ಅಲ್ಲಗಳೆಯಲಾರರು. ಡಾಕ್ಟರರ ಬಳಿ ಮದ್ದಿತ್ತು. ಅಷ್ಟು ಹೊತ್ತು ಕೂತು ಕೇಳುವ ವ್ಯವಧಾನ ಎಲ್ಲ ಕಡೆ ಇರಲಿಲ್ಲ.

ಇದಕ್ಕೆ ಮೊದಲು ಸರಕಾರಿ ವ್ಯವಸ್ಥೆಯೆಂದರೆ ದೂರದ ಹುಚ್ಚಾಸ್ಪತ್ರೆ. ಮದ್ರಾಸಿನ ಆಳ್ವಿಕೆಯಲ್ಲಿ ಕುಂದಾಪುರ, ಬೈಂದೂರಿನವರಿಗೆ ಹತ್ತಿರದ್ದು 1872ರಲ್ಲಿ ಆರಂಭವಾದ ಕಲ್ಲಿಕೋಟೆಯದು. ಗಡಿಯಾಚೆಯ ಭಟ್ಕಳದವರಿಗೆ ಬೊಂಬಾಯಿ ಪ್ರಾಂತದ ಧಾರವಾಡದ್ದು. 1912ರ ಕಾಯಿದೆಯಂತೆ ಅಲ್ಲಿಗೆ ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಿತ್ತು. ಹೆಸರೇ ಹೆದರಿಸುವಂಥ ಆ ಬಾಗಿಲಿಗೆ ಓದಿನಲ್ಲಿ ಮನಸ್ಸು ನಿಲ್ಲದ ಹುಡುಗನನ್ನೋ, ಗುಟ್ಟಾಗಿ ಕುಡಿಯಲು ಕಲಿತ ಹುಡುಗನನ್ನೋ ಯಾರೂ ಕರೆದೊಯ್ಯುವಂತಿರಲಿಲ್ಲ.

ಕೋಟದ ಅನುಭವ ಹೊತ್ತು ಕಪೂರ್ 1975ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಅಲ್ಲಿ ಸಮುದಾಯ ಮನೋವೈದ್ಯ ವಿಭಾಗ ಆರಂಭವಾಗಿ, ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನಡೆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ನಡೆದು, 1996ರಿಂದ ಜಿಲ್ಲಾ ಕಾರ್ಯಕ್ರಮವಾಗಿ ದೇಶದ ಬೇರೆ ಕಡೆಗಳಿಗೂ ಹಬ್ಬಿತು. ದೊಡ್ಡ ಆಸ್ಪತ್ರೆಗೆ ರೋಗಿ ಹೋಗುವ ಬದಲು ಮನೆಯ ಹತ್ತಿರದ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಮದ್ದು ಸಿಗಲಿ ಎಂಬ ಈ ಯೋಚನೆಯ ಹಿಂದೆ ಕೋಟದ ಮನೆಗಳ ಪಡಸಾಲೆಗಳೂ ಇವೆ.

ಬದಲಾದ ಕಡಲು, ಬದಲಾದ ಸಂಜೆ

1970ರ ದಶಕದ ನಂತರ ಕರಾವಳಿಯ ಬದುಕು ವೇಗವಾಗಿ ಬದಲಾಯಿತು. ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಬಂತು. ಕೈರಂಪಣಿಯ ಜಾಗಕ್ಕೆ ಯಾಂತ್ರಿಕ ಬೋಟು, ಪರ್ಸೀನ್ ಬಲೆ ಬಂದವು. ರಂಪಣಿ ಎಳೆಯುವಾಗ ಇಡೀ ಊರೇ ದಡದಲ್ಲಿರುತ್ತಿತ್ತು, ಹುಡುಗರು ಹಿರಿಯರ ಕಣ್ಣೆದುರೇ ಕಸುಬು ಕಲಿಯುತ್ತಿದ್ದರು. ಆಳಸಮುದ್ರದ ಬೋಟಿಗೆ ಹೋದವನು ದಿನಗಟ್ಟಲೆ ದಡ ಕಾಣುವುದಿಲ್ಲ. ಬಂದಾಗ ಕೈಯಲ್ಲಿ ಒಟ್ಟಿಗೇ ಹಣ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಳೆಗಾಲದ ಸಂಜೆಗಳು ಖಾಲಿ. ಗಂಗೊಳ್ಳಿಯಂಥ ಬಂದರುಗಳಲ್ಲಿ ಈ ಲೆಕ್ಕ ಪ್ರತಿ ಮನೆಗೂ ಗೊತ್ತು.

ಕಾಲೇಜುಗಳೂ ಬಂದವು. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರಲ್ಲಿ ಆರಂಭವಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು, ಹೆದ್ದಾರಿ ಅಗಲವಾಯಿತು. 2018ರಲ್ಲಿ ಬೈಂದೂರು, ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಹಿಂದೆ ಪ್ರಾಂತಗಳ ಗಡಿಯಾಗಿದ್ದದ್ದು ಈಗ ಜಿಲ್ಲೆಗಳ ಗಡಿ ಮಾತ್ರ. ಗೋವೆಯ ಅಗ್ಗದ ಮದ್ಯವಾಗಲಿ, ಗಾಂಜಾ, ಮಾದಕ ಮಾತ್ರೆಗಳಾಗಲಿ ಸಾಗುವುದಕ್ಕೆ ಅದು ದೊಡ್ಡ ತಡೆಯಲ್ಲ. ಗಾಂಜಾ ಮೊದಲಾದವುಗಳ ಮೇಲೆ 1985ರ ಕಾಯಿದೆಯಿದೆ. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯಿದೆ ಹೇಳುತ್ತದೆ. ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಸಜೆಯಿದೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ಅಪರಾಧ.

ರೋಗದ ಅಳತೆಯೂ ಈಗ ಸ್ವಲ್ಪ ಗೊತ್ತಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಯಾವುದಾದರೂ ಮಾನಸಿಕ ತೊಂದರೆಯಿತ್ತು. 2019ರಲ್ಲಿ ಶಾಲಾಮಕ್ಕಳ ನಡುವೆ ನಡೆದ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದವರಲ್ಲಿ ಶೇಕಡಾ 8.5 ಮಂದಿ ತಂಬಾಕು ಬಳಸುತ್ತಿದ್ದರು. ಬೀಡಿ ಸೇದಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹತ್ತು ತುಂಬುವ ಮೊದಲೇ ಆರಂಭಿಸಿದವರು. ಅದೇ ವರ್ಷ ಪ್ರಕಟವಾದ ಮಾದಕ ವಸ್ತುಗಳ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಟು, ಥಿನ್ನರ್‌ಗಳಂಥ ಮೂಸುವ ವಸ್ತುಗಳ ಬಳಕೆ ದೊಡ್ಡವರಲ್ಲಿ ಶೇಕಡಾ 0.58 ಇದ್ದರೆ ಮಕ್ಕಳಲ್ಲಿ ಶೇಕಡಾ 1.17 ಇತ್ತು. ಇವು ದೇಶದ ಅಂಕಿಗಳು, ಕುಂದಾಪುರದವಲ್ಲ. ಆದರೂ ಅವು ತೋರಿಸುವ ದಿಕ್ಕನ್ನು ಇಲ್ಲಿಯ ಯಾವ ಶಾಲೆಯ ಮಾಸ್ತರರೂ ಅರಿಯಬಲ್ಲರು.

ಹದಿಹರೆಯವೇ ಏಕೆ ಇಷ್ಟು ಸೂಕ್ಷ್ಮ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಸುಖವನ್ನು, ರೋಮಾಂಚವನ್ನು ಬಯಸುವ ಮೆದುಳಿನ ಭಾಗ ಬೇಗ ಚುರುಕಾಗುತ್ತದೆ. ತಡೆ, ತಾಳು, ಯೋಚಿಸು ಎನ್ನುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ನಡುಪ್ರಾಯವಾಗಬೇಕು. ಇಳಿಜಾರಿನಲ್ಲಿ ಸೈಕಲ್ ಓಡುತ್ತಿದೆ, ಬ್ರೇಕು ಇನ್ನೂ ಜೋಡಣೆಯಲ್ಲಿದೆ ಎಂಬಂಥ ಸ್ಥಿತಿ. ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೇ ತಲೆದೋರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿದ್ರೆ ಬಾರದ, ಯಾರಿಗೂ ಬೇಡವಾದೆನೆಂದು ಅನಿಸುವ ಹುಡುಗನಿಗೆ ಮೊದಲ ಗುಟುಕು ಮದ್ದಿನಂತೆ ಕಾಣುತ್ತದೆ. ಕೆಲವು ತಿಂಗಳಲ್ಲಿ ಅಷ್ಟೇ ನೆಮ್ಮದಿಗೆ ಹೆಚ್ಚು ಬೇಕಾಗುತ್ತದೆ. ಇಳಿದಾಗ ಮೊದಲಿನ ದುಃಖ ಇಮ್ಮಡಿಯಾಗಿ ಬರುತ್ತದೆ. ಕುಡಿತದಿಂದ ಮನಸ್ಸು ಕೆಟ್ಟಿತೋ, ಮನಸ್ಸು ನೊಂದದ್ದರಿಂದ ಕುಡಿತವೋ ಎಂದು ಬಿಡಿಸುವುದು ಆಗ ಕಷ್ಟ. ಆದ್ದರಿಂದಲೇ ಒಂದನ್ನು ಪೊಲೀಸರಿಗೆ, ಇನ್ನೊಂದನ್ನು ಡಾಕ್ಟರರಿಗೆ ಎಂದು ಹಂಚುವ ಹಳೆಯ ಕ್ರಮ ಈ ವಯಸ್ಸಿನವರಿಗೆ ಹೊಂದುವುದಿಲ್ಲ.

ಕೇಳಿದರೆ ಹೇಳುತ್ತಾರೆ

ಮಕ್ಕಳನ್ನೇ ಕೇಳುವ ಪ್ರಯೋಗಕ್ಕೂ ಕುಂದಾಪುರ ತಾಲೂಕು ಮೊದಲಿಗನಾದದ್ದು ಹೆಮ್ಮೆಯ ವಿಷಯ. ದುಡಿಯುವ ಮಕ್ಕಳಿಗಾಗಿ ಕೆಲಸ ಮಾಡುವ ಸಿಡಬ್ಲ್ಯುಸಿ ಸಂಸ್ಥೆ ಇಲ್ಲಿ ‘ನಮ್ಮ ಭೂಮಿ’ ಕೇಂದ್ರ ನಡೆಸಿತು. ದುಡಿಯುವ ಮಕ್ಕಳದೇ ಸಂಘವಾದ ‘ಭೀಮ ಸಂಘ’ 1990ರಲ್ಲಿ ಹುಟ್ಟಿತು. 1995ರಲ್ಲಿ ಕೆರಾಡಿಯಂಥ ಗ್ರಾಮಗಳಲ್ಲಿ ‘ಮಕ್ಕಳ ಪಂಚಾಯತು’ಗಳು ಆರಂಭವಾದವು. ಹೊಟ್ಟೆಪಾಡಿಗೆ ಹೋಟೆಲು ಸೇರಿದ್ದ ಮಕ್ಕಳ ಊರುಗಳಲ್ಲಿ, ಯಾಕೆ ಶಾಲೆ ಬಿಟ್ಟಿರಿ ಎಂದು ಮಕ್ಕಳನ್ನೇ ಕೇಳಿದಾಗ ಬಂದ ಉತ್ತರಗಳು ದೊಡ್ಡವರು ಎಣಿಸಿದ್ದಕ್ಕಿಂತ ನೇರವಾಗಿದ್ದವು: ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕು, ಹತ್ತಿರ ಶಾಲೆ ಬೇಕು. ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಗ್ರಾಮ ಪಂಚಾಯತುಗಳಿಗೂ ವಿಸ್ತರಿಸಿತು. ಅಪ್ಪನ ಕುಡಿತ, ಶಾಲೆಯ ದಾರಿಯಲ್ಲಿರುವ ಅಂಗಡಿ, ಹೆಣ್ಣುಮಕ್ಕಳ ಹೆದರಿಕೆ ಇಂಥವನ್ನು ಮಕ್ಕಳು ಸಭೆಯಲ್ಲಿ ಎದ್ದು ಹೇಳಲು ಅದರಿಂದ ಒಂದು ಜಾಗ ಸಿಕ್ಕಿತು. ಆ ಸಭೆ ವರ್ಷಕ್ಕೊಮ್ಮೆಯ ಫೋಟೋಗೆ ಮುಗಿಯುತ್ತದೋ, ಹೇಳಿದ್ದಕ್ಕೆ ಉತ್ತರ ಸಿಗುತ್ತದೋ ಎಂಬುದು ಆಯಾ ಪಂಚಾಯತಿನವರ ಮನಸ್ಸಿಗೆ ಬಿಟ್ಟದ್ದು.

ಚಟ ಬಿಡಿಸುವ ಕೆಲಸದಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಈ ತಾಲೂಕುಗಳಲ್ಲಿ ಮನೆಮಾತು. ಶಿಬಿರ ಮುಗಿದ ಮೇಲೂ ‘ನವಜೀವನ ಸಮಿತಿ’ಗಳಲ್ಲಿ ಕುಡಿತ ಬಿಟ್ಟವರು ಮತ್ತೆ ಮತ್ತೆ ಸೇರುತ್ತಾರೆ, ರಾತ್ರಿಶಾಲೆಯ ಹಾಜರಿ ಪುಸ್ತಕ ಮಾಡುತ್ತಿದ್ದುದೂ ಇದನ್ನೇ. ಉಡುಪಿಯ ಡಾ. ಎ. ವಿ. ಬಾಳಿಗಾ ಆಸ್ಪತ್ರೆ, ಮಣಿಪಾಲದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿದೆ. ಆದರೆ ಶಿಬಿರಕ್ಕೆ ಬರುವವರು ಹೆಚ್ಚಾಗಿ ಸಂಸಾರಸ್ಥ ಗಂಡಸರು. ಅವರಲ್ಲಿ ಎಷ್ಟೋ ಮಂದಿಯ ಚಟ ಮೊಳೆತದ್ದು ಮೀಸೆ ಮೂಡುವ ಕಾಲದಲ್ಲಿ. ಹದಿಹರೆಯದವರಿಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ, 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕಾಗಿ ಒಪ್ಪಿದೆ, ಕುಡಿತ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಯ ಅರ್ಥದೊಳಗೆ ಸೇರಿಸಿದೆ. ನೂರು ವರ್ಷ ಬೇರೆ ಬೇರೆಯಾಗಿದ್ದ ಎರಡು ಬಾಗಿಲುಗಳು ಕಾಗದದ ಮೇಲಾದರೂ ಒಂದಾಗಿವೆ.

ಮಗ ಕುಡಿಯಲು ಕಲಿತನೆಂದು ತಿಳಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇಂದಿಗೂ ‘ಊರವರಿಗೆ ಗೊತ್ತಾದರೆ?’ ಎಂಬುದೇ. ಆ ಹೆದರಿಕೆಯಿಂದ ಹುಡುಗ ಮತ್ತಷ್ಟು ಒಂಟಿಯಾಗುತ್ತಾನೆ. ಹೊಡೆತ, ಬೈಗುಳ, ಅಥವಾ ಪರಿಚಯದವರ ಹೋಟೆಲಿಗೆ ಸಾಗಹಾಕುವುದು ಹಳೆಯ ಮದ್ದುಗಳು. ಅವುಗಳ ಫಲವನ್ನು ಈ ಸೀಮೆ ಚೆನ್ನಾಗಿ ಕಂಡಿದೆ. ಗಡಿ ಕಾಯುವ ಕೆಲಸ ಅಬಕಾರಿಯವರದು, ಪೊಲೀಸರದು, ಅದು ನಡೆಯಲೇಬೇಕು. ಸಂಜೆ ಕಾಯುವ ಕೆಲಸ ಮಾತ್ರ ಮನೆಯದು, ಶಾಲೆಯದು, ಸಂಘದ್ದು. ಪರೀಕ್ಷೆಯಲ್ಲಿ ಹಿಂದೆ ಬಿದ್ದ, ಮಾತು ಕಡಿಮೆ ಮಾಡಿದ, ತಡರಾತ್ರಿ ಮನೆಗೆ ಬರುವ ಮಗನನ್ನಾಗಲಿ, ಊಟ ಬಿಟ್ಟು ಕೋಣೆ ಸೇರಿದ ಮಗಳನ್ನಾಗಲಿ ‘ಎಲ್ಲಿಗೆ ಹೋಗಿದ್ದೆ?’ ಎಂದು ಗದರುವ ಮೊದಲು ‘ಏನಾಯಿತು?’ ಎಂದು ಕೇಳಿ, ಉತ್ತರ ಬರುವವರೆಗೆ ಕಾದು ಕೂರುವುದಕ್ಕೆ ಯಾವ ಕಾಯಿದೆಯೂ ಬೇಡ, ಪರವಾನಗಿಯೂ ಬೇಡ.